ಹಿನಕಲ್ಲಿನ ಮೂರು ದಿನದ ಊಟ

ಹೊಲಸಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದರಲ್ಲಿ ನಾನು ಡಿಪ್ಲೊಮಾ ಪಡೆದವನು. ಸರ್ಕಾರ ನನ್ನನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಕಳಿಸಿದ್ದೇ ಒಳಚರಂಡಿಯ ವಿದ್ಯೆ ಕಲಿತು ಬಾ ಎಂದು. ಊರಿನ ಕೊಳಚೆ ನೀರು ಯಾವ ಕೊಳವೆಯಲ್ಲಿ ಹರಿಯಬೇಕು, ಎಲ್ಲಿ ನಿಂತು ತಿಳಿಯಾಗಬೇಕು, ಯಾವಾಗ ಹೊಳೆಗೆ ಬಿಡಬಹುದು ಎಂಬುದನ್ನು ಎರಡೂವರೆ ವರ್ಷ ಓದಿದೆ. ತೊಡೆಯವರೆಗೆ ರಬ್ಬರ್ ಬೂಟು ಹಾಕಿಕೊಂಡು ಆ ಊರಿನ ನೆಲದಡಿಯ ಚರಂಡಿಗಳಲ್ಲಿ ಮೈಲಿಗಟ್ಟಲೆ ನಡೆದೆ. ಅಲ್ಲಿ ಒಂದು ದಿನವೂ ನನಗೆ ವಾಕರಿಕೆ ಬರಲಿಲ್ಲ. ವಾಕರಿಕೆ ಬಂದದ್ದು ೧೯೫೧ರ ಬೇಸಿಗೆಯಲ್ಲಿ, ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ, ನಮ್ಮ ಸ್ವಂತ ಮನೆಯ ಹಿತ್ತಲಿನಲ್ಲಿ. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಓದು ಮುಗಿಯಲು ಇನ್ನೆರಡು ತಿಂಗಳಿರುವಾಗ ಅಣ್ಣನ ಕಾಗದ ಬಂತು. ಅಮ್ಮನಿಗೆ ಪಾರ್ಶ್ವವಾಯು ಹೊಡೆದಿದೆ, ಬಲಗೈ ಬಲಗಾಲು ಆಡುವುದಿಲ್ಲ, ಮಾತು ತೊದಲು, ಎಚ್ಚರವಾದಾಗಲೆಲ್ಲ ‘ಶಾಮ ಎಲ್ಲೀವರೆಗೆ ಬಂದ’ ಎಂದು ಕೇಳುತ್ತಾಳೆ ಎಂದು ಬರೆದಿದ್ದ. ಪರೀಕ್ಷೆ ಮುಗಿದ ಮಾರನೆಯ ದಿನವೇ ಹಡಗು ಹತ್ತಿದೆ. ಹಡಗಿನಲ್ಲೂ, ಬೊಂಬಾಯಿಯಿಂದ ಬಂದ ರೈಲುಗಳಲ್ಲೂ ನನಗಿದ್ದ ಆಸೆ ಒಂದೇ. ಅಮ್ಮನಿಗೆ ನನ್ನ ಗುರುತು ಸಿಗುವಷ್ಟು ಜ್ಞಾನ ಇರುವಾಗಲೇ ಹೋಗಿ ಅವಳ ಪಕ್ಕದಲ್ಲಿ ಕೂರಬೇಕು.

ಮೈಸೂರು ಸ್ಟೇಷನ್ನಿನಲ್ಲಿ ಇಳಿದಾಗ ಅಣ್ಣ ಲಕ್ಷ್ಮೀನರಸಿಂಹ ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿದ್ದ. ಅವನು ಅರಮನೆಯ ಉಗ್ರಾಣದಲ್ಲಿ ಗುಮಾಸ್ತೆ. ಕೈಯಲ್ಲೊಂದು ಬಟ್ಟೆಯ ಚೀಲ. ನಾನು ಕಾಲಿಗೆ ಬೀಳಲು ಬಗ್ಗಿದರೆ ಅವನು ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

"ಮುಟ್ಟಬೇಡ ಕಣೋ. ಸ್ನಾನ ಮಾಡ್ಕೊಂಡು ಬಂದಿದೀನಿ."

"ಅಮ್ಮ ಹೇಗಿದಾಳೆ?"

"ಹಾಗೇ ಇದಾಳೆ. ಡಾಕ್ಟರು ಯಾವತ್ತು ಏನೋ ಹೇಳಕ್ಕಾಗಲ್ಲ ಅಂತಾರೆ." ಅಷ್ಟು ಹೇಳಿ ಅವನು ನನ್ನ ಬೂಟುಗಳನ್ನು ನೋಡಿದ. "ನೋಡು ಶಾಮ, ನೀನು ಈಗಲೇ ಮನೆಗೆ ಬರೋ ಹಾಗಿಲ್ಲ. ಸಮುದ್ರ ದಾಟಿ ಬಂದಿದೀಯ. ಜೋಯಿಸರು ಶುಕ್ರವಾರ ದ್ವಾದಶಿ ದಿನ ಪ್ರಾಯಶ್ಚಿತ್ತ ಇಟ್ಟಿದಾರೆ. ಅಲ್ಲೀವರೆಗೆ ಎಲ್ಲಾದರೂ ಛತ್ರದಲ್ಲಿ ಇದ್ದುಬಿಡು."

ಅಂದು ಮಂಗಳವಾರ. ೧೯೫೧ರಲ್ಲಿಯೂ ಇದೆಲ್ಲ ಇತ್ತೇ ಎಂದು ಈಗಿನವರು ಕೇಳುತ್ತಾರೆ. ಎಲ್ಲರ ಮನೆಯಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲಿ ಇತ್ತು.

"ಯಾವತ್ತು ಏನೋ ಗೊತ್ತಿಲ್ಲ ಅಂತ ನೀನೇ ಹೇಳ್ತೀಯ. ಇನ್ನೂ ಮೂರು ದಿನ ಕಾಯಿ ಅಂತಲೂ ನೀನೇ ಹೇಳ್ತೀಯಲ್ಲ!"

"ಅದಕ್ಕೇ ಕಣೋ ಹೇಳ್ತಿರೋದು." ಅಣ್ಣ ದನಿ ತಗ್ಗಿಸಿದ. "ಇದನ್ನ ಮಾಡ್ಕೊಳ್ಳದೆ ನೀನು ಒಳಗೆ ಬಂದೆ ಅಂತಿಟ್ಕೋ. ನಾಳೆ ಅಮ್ಮನಿಗೆ ಏನಾದರೂ ಆದರೆ ಹೆಗಲು ಕೊಡಕ್ಕೆ ನಾಲ್ಕು ಜನ ಬರಬೇಡವೇ? ಮಂತ್ರ ಹೇಳಕ್ಕೆ ಜೋಯಿಸರು ಬರಬೇಡವೇ?"

ಬದುಕಿರುವ ತಾಯಿಯ ಹೆಣ ಹೊರುವವರ ಲೆಕ್ಕವನ್ನು ಅವನು ಆಗಲೇ ಹಾಕಿ ಮುಗಿಸಿದ್ದ. ಆದರೂ ನಾನು ಸುಮ್ಮನೆ ನಿಂತೆ. ಈ ಕಥೆಯಲ್ಲಿ ನಾನು ಸುಮ್ಮನೆ ನಿಂತದ್ದು ಅದೇ ಮೊದಲ ಸಲ.

ಅಷ್ಟರಲ್ಲಿ ದೇವರಾಜು ನನ್ನ ಟ್ರಂಕು ಹೊತ್ತುಕೊಂಡು ಬಂದ. ಅವನು ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಪಕ್ಕದಲ್ಲಿ ಕೂತವನು, ಮೈಸೂರಿನ ಪಕ್ಕದ ಹಳ್ಳಿ ಹಿನಕಲ್ಲಿನ ಒಕ್ಕಲು ಮನೆಯವನು. ಊರಿನ ಪ್ರೈಮರಿ ಶಾಲೆಯಲ್ಲಿ ಮೇಷ್ಟರಾಗಿದ್ದ. ನಾನು ಬರೆದಿದ್ದ ಕಾಗದ ನೋಡಿ ಎತ್ತಿನ ಗಾಡಿ ಕಟ್ಟಿಕೊಂಡು ಬಂದಿದ್ದ.

"ಛತ್ರ ಯಾಕ್ಲಾ? ನಮ್ಮನೆ ಇಲ್ವಾ? ನಡಿ, ಗಾಡಿ ಹತ್ತು," ಎಂದ.

ಅಣ್ಣ ಬೇಡ ಎನ್ನಲಿಲ್ಲ. ಚೀಲವನ್ನು ನೆಲದ ಮೇಲಿಟ್ಟು ಹಿಂದೆ ಸರಿದ. ನಾನು ಅದನ್ನು ಎತ್ತಿಕೊಂಡೆ. ಒಳಗೆ ಅಕ್ಕಿ, ತೊಗರಿಬೇಳೆ, ಒಂದು ಸಣ್ಣ ಹಿತ್ತಾಳೆ ಪಾತ್ರೆ. "ನೀನೇ ಬೇಯಿಸ್ಕೋ. ಇವರ ಮನೇಲಿ ಊಟಗೀಟ ಮಾಡಬೇಡ," ಎಂದ. ದೇವರಾಜು ಒಂದು ಮಾರು ದೂರದಲ್ಲಿದ್ದ. ಅವನಿಗೆ ಕೇಳಿಸೀತು ಎಂಬ ಸಂಕೋಚ ಕೂಡ ಅಣ್ಣನಿಗೆ ಇರಲಿಲ್ಲ.

"ಆಗ್ಲಿ ಬುಡಿ ಸ್ವಾಮಿ," ಎಂದು ದೇವರಾಜು ನಕ್ಕ.

ಹುಣಸೂರು ರಸ್ತೆಯ ಉದ್ದಕ್ಕೂ ನಾನು ಕೂಗಾಡಿದೆ. ಇಂಗ್ಲೆಂಡಿನಲ್ಲಿ ಯಾರು ಯಾರ ಮನೆಯಲ್ಲಿ ಬೇಕಾದರೂ ಊಟ ಮಾಡುತ್ತಾರೆ, ನಮ್ಮ ದೇಶ ಉದ್ಧಾರವಾಗಬೇಕಾದರೆ ಈ ಅಡುಗೆಮನೆಗಳನ್ನು ಮೊದಲು ಕೆಡವಬೇಕು ಎಂದೆಲ್ಲ ಭಾಷಣ ಬಿಗಿದೆ. ದೇವರಾಜು ಎತ್ತುಗಳನ್ನು ಹೊಡೆಯುತ್ತಾ ಹೂಂಗುಟ್ಟಿದ. ಅವನ ತಾಯಿ ದೇವಿರಮ್ಮ ಜಗಲಿಯ ಮೇಲೆ ಕಾಯುತ್ತಿದ್ದಳು. ಚೀಲವನ್ನು ನೋಡಿದ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು.

"ಕೊಟ್ಟಿಗೆ ಪಕ್ಕ ಸಾರಿಸಿ ಮಡಗಿವ್ನಿ ಕಣಪ್ಪ. ಒಸ ಮಡಕೇನೂ ಐತೆ. ನೀನೇ ಬೇಯಿಸ್ಕೊ. ನಾವ್ ಮಾಡಿದ್ದ ನೀನು ಉಣ್ಣಂಗಿಲ್ಲ."

"ಯಾರು ಹೇಳಿದ್ದು? ನೀವು ಏನು ಮಾಡಿದೀರೋ ಅದನ್ನೇ ಹಾಕಿ," ಎಂದೆ. "ನಿಮ್ಮ ಒಲೆಯ ಮುಂದೆಯೇ ಕೂತು ಉಣ್ತೀನಿ. ಯಾವನು ಬಂದು ಕೇಳ್ತಾನೋ ನಾನೂ ನೋಡ್ತೀನಿ."

ಆ ಮಾತನ್ನು ಎಷ್ಟು ಜೋರಾಗಿ ಹೇಳಿದೆನೆಂದರೆ ಎದುರು ಮನೆಯ ಮುದುಕ ಇಣುಕಿ ನೋಡಿದ. ದೇವಿರಮ್ಮ ಅನುಮಾನಿಸುತ್ತಲೇ ಮಣೆ ಹಾಕಿದಳು. ರಾಗಿಮುದ್ದೆ, ಸೊಪ್ಪಿನ ಸಾರು, ಸುಟ್ಟ ಬದನೆಕಾಯಿಯ ಗೊಜ್ಜು. ಬರ್ಮಿಂಗ್‌ಹ್ಯಾಮಿನ ಬಾಡಿಗೆ ಕೋಣೆಯಲ್ಲಿ ಎರಡೂವರೆ ವರ್ಷ ಬೆಂದ ಆಲೂಗಡ್ಡೆ ನುಂಗಿದ್ದ ನನಗೆ ಕಣ್ಣಲ್ಲಿ ನೀರು ಬಂತು. ಸಾರು ಖಾರ ಎಂದು ಸುಳ್ಳು ಹೇಳಿದೆ.

ನಾನಿರುವ ತನಕ ಅವಳು ಮನೆಯಲ್ಲಿ ಬಾಡಿನ ಅಡುಗೆ ಮಾಡಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ, ದೇವರಾಜು ಹೇಳಿದ ಮೇಲೆ ನನಗೆ ಗೊತ್ತಾಯಿತು. ಮಾರನೆಯ ದಿನ ಮಧ್ಯಾಹ್ನ ಅಣ್ಣ ಕೊಟ್ಟ ಅಕ್ಕಿ ಬೇಳೆಯನ್ನೇ ಬೇಯಿಸಿ ಬಡಿಸಿದಳು. "ದಿನಾ ಮುದ್ದೆ ನಿಂಗೆ ಇಳಿಯಕಿಲ್ಲ ಮಗ," ಎಂದಳು. ಮೂರು ದಿನದಲ್ಲಿ ಆರು ಸಲವೂ ನಾನು ಎರಡನೆಯ ಸಲ ಬಡಿಸಿಕೊಂಡೆ. ಬುಧವಾರ ಬೆಳಿಗ್ಗೆ ನನ್ನ ಮುಖ ನೋಡಿ, "ನಿಮ್ಮವ್ವನ್ನ ನೋಡಕ್ಕೆ ನಿಂಗೆ ಯಾವನ ಅಪ್ಪಣೆ ಬೇಕ್ಲಾ? ಓಗಿ ನೋಡ್ಬುಟ್ಟು ಬಾ," ಎಂದಳು.

ಹೋದೆ. ದೇವರಾಜುವಿನ ಸೈಕಲ್ಲು ತುಳಿದುಕೊಂಡು ಕೃಷ್ಣಮೂರ್ತಿಪುರಂವರೆಗೂ ಹೋದೆ. ನಮ್ಮ ಬೀದಿಯ ತಿರುವಿನಲ್ಲಿ ಇಳಿದು ನಡೆದೆ. ಅತ್ತಿಗೆ ಬಾಗಿಲಿಗೆ ನೀರು ಹಾಕುತ್ತಿದ್ದರು. ನನ್ನನ್ನು ಕಂಡರು. ತಂಬಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡರು. ಆ ಬಾಗಿಲ ಎಡಗಡೆಯ ಕೋಣೆಯಲ್ಲಿ ಅಮ್ಮ ಮಲಗಿದ್ದಳು. ನಾನು ಬೀದಿಯಲ್ಲಿ ನಿಂತೇ ಇದ್ದೆ. ಚಿಲಕ ಹಾಕಿದ ಸದ್ದು ಬರಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅದು ಬರಲಿ ಎಂದು ನಾನು ಕಾಯುತ್ತಿದ್ದೆ. ಬಂದಿದ್ದರೆ ಹಿಂದಿರುಗಲು ನನಗೊಂದು ಕಾರಣ ಸಿಗುತ್ತಿತ್ತು. ಬರಲಿಲ್ಲ, ಆದರೂ ಹಿಂದಿರುಗಿದೆ. ದೇವಿರಮ್ಮನಿಗೆ ಬಾಗಿಲು ಭದ್ರವಾಗಿತ್ತು ಎಂದು ಹೇಳಿದೆ.

ಗುರುವಾರ ಸಾಯಂಕಾಲ ಅಣ್ಣ ಹಿನಕಲ್ಲಿಗೆ ಬಂದ, ನನ್ನ ಸಾಮಾನು ನೋಡಲು. ಅಂಗಳದಲ್ಲಿಯೇ ನಿಂತು ಟ್ರಂಕು ತೆಗೆಸಿದ. ಕೋಟು, ಷರಾಯಿ, ಬೂಟು ಮನೆಯೊಳಗೆ ಬರಬಾರದು. ಬಿಸ್ಕತ್ತಿನ ಡಬ್ಬಿ ಬರಬಾರದು, ಅದರಲ್ಲಿ ಏನು ಸೇರಿಸಿರುತ್ತಾರೋ ಬಲ್ಲವರಾರು. ಅವನಿಗೆಂದು ತಂದಿದ್ದ ಕೈಗಡಿಯಾರದ ಪೆಟ್ಟಿಗೆ ಕೈಗೆ ಬಂದಾಗ ಮಾತ್ರ ಅವನ ಬಾಯಿ ನಿಂತಿತು. ತಿರುಗಿಸಿ ತಿರುಗಿಸಿ ನೋಡಿದ. ಅಲ್ಲೇ ಕಟ್ಟಿಕೊಂಡ. "ಲೋಹಕ್ಕೆ ದೋಷ ಇಲ್ಲ," ಎಂದ. ಗಡಿಯಾರವೂ ನಾನು ಬಂದ ಹಡಗಿನಲ್ಲೇ, ನನ್ನ ಕಾಲ ಕೆಳಗಿನ ಟ್ರಂಕಿನಲ್ಲೇ ಬಂದದ್ದು. ಅದು ಅವತ್ತೇ ಮನೆಗೆ ಹೋಯಿತು. ನಾನು ಅಂಗಳದಲ್ಲೇ ಉಳಿದೆ.

ಹೋಗುವ ಮೊದಲು ಅವನ ಕಣ್ಣು ಕೊಟ್ಟಿಗೆಯ ಕಡೆಗೆ ತಿರುಗಿತು. "ಕೆಂದ ಹಸು ಇದೆಯಲ್ಲ ನಿಮ್ಮಲ್ಲಿ! ಪಂಚಗವ್ಯಕ್ಕೆ ಕಪಿಲೆಯೇ ಆಗಬೇಕು ಅಂತ ಜೋಯಿಸರು ಹೇಳಿದ್ರು. ಮೊಸರು ತುಪ್ಪ ನಮ್ಮ ಮನೇಲಿದೆ. ಹಾಲು, ಗಂಜಲ, ಸಗಣಿ ನಾಳೆ ಬೆಳಿಗ್ಗೆ ಇವನ ಜೊತೆ ಕಳಿಸಮ್ಮ."

"ಅದ್ಕೇನು, ಕಳಿಸ್ತೀನಿ," ಎಂದಳು ದೇವಿರಮ್ಮ. "ಒಂದಿಷ್ಟು ಮಜ್ಜಿಗೆ ಕುಡೀತೀರಾ ಸ್ವಾಮಿ? ಬಿಸಿಲಲ್ಲಿ ಬಂದಿದ್ದೀರಿ."

"ಬೇಡ ಬೇಡ," ಎಂದು ಅಣ್ಣ ಕೈ ಆಡಿಸಿದ. ಹೊಸ ಗಡಿಯಾರ ಬಿಸಿಲಿಗೆ ಹೊಳೆಯಿತು.

ಅವಳ ಹಸುವಿನ ಗಂಜಲ ಕುಡಿಯಬಹುದು, ಅವಳ ಕೈಯ ಮಜ್ಜಿಗೆ ಕುಡಿಯಬಾರದು. ಇದನ್ನು ನಾನು ಅಣ್ಣನಿಗೆ ಹೇಳಬಹುದಾಗಿತ್ತು. ಗಾಡಿಯಲ್ಲಿ ಅಷ್ಟು ಭಾಷಣ ಮಾಡಿದವನು. ಟ್ರಂಕಿನ ಮುಚ್ಚಳ ಹಾಕಿದೆ.

ಶುಕ್ರವಾರ ಬೆಳಗಾಗುವ ಹೊತ್ತಿಗೆ ದೇವಿರಮ್ಮ ಚೊಂಬು ಹಿಡಿದು ಹಸುವಿನ ಹಿಂದೆ ನಿಂತಿದ್ದಳು. ನೆಲಕ್ಕೆ ಬಿದ್ದದ್ದು ಆಗುವುದಿಲ್ಲ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೇ ತಿಳಿದುಕೊಂಡಿದ್ದಳು. ಚೊಂಬಿಗೆ ಎಲೆ ಕಟ್ಟಿ, ಹಾಲನ್ನು ಬೇರೆ ತಂಬಿಗೆಗೆ ಹಾಕಿ, ಸಗಣಿಯನ್ನು ಮುತ್ತುಗದೆಲೆಯಲ್ಲಿ ಸುತ್ತಿ ಗಾಡಿಯಲ್ಲಿಟ್ಟಳು. "ಉಸಾರು, ಚೆಲ್ಲಿದರೆ ಮತ್ತೆ ನಿಂಗೆ ಮನೆ ತಪ್ಪೋಗ್ತದೆ," ಎಂದು ನಕ್ಕಳು.

ನಮ್ಮ ಹಿತ್ತಲಿಗೆ ಸಂದಿಯ ಕಡೆಯಿಂದ ಒಂದು ಸಣ್ಣ ಬಾಗಿಲಿದೆ. ಪಾಯಿಖಾನೆ ತೊಳೆಯಲು ಜಾಡಮಾಲಿ ಬರುತ್ತಿದ್ದ ಬಾಗಿಲು ಅದು. ನನ್ನನ್ನು ಅದರಿಂದಲೇ ಒಳಗೆ ಕರೆದರು. ಕ್ಷೌರಿಕ ಕಾದಿದ್ದ. ಬರ್ಮಿಂಗ್‌ಹ್ಯಾಮಿನಲ್ಲಿ ಬೆಳೆಸಿದ್ದ ಕ್ರಾಪು ನೆಲಕ್ಕೆ ಬಿತ್ತು, ನೆತ್ತಿಯ ಹಿಂದೆ ಒಂದು ಹಿಡಿ ಜುಟ್ಟು ಉಳಿಯಿತು. ಆಮೇಲೆ ಬಾವಿಯಿಂದ ನೀರು ಸೇದಿ ತಲೆಯ ಮೇಲೆ ಸುರಿದರು. ನಮ್ಮ ಬಾವಿಗೂ ಪಾಯಿಖಾನೆಗೂ ನಡುವೆ ಇದ್ದ ದೂರ ಹದಿನಾಲ್ಕು ಅಡಿ. ಕಣ್ಣಳತೆಯಲ್ಲೇ ಅಳೆದೆ, ಅದು ನನ್ನ ಕಸುಬು. ಆ ನೀರಿನಲ್ಲಿ ಏನೇನು ಇರುತ್ತದೆ ಎಂದು ನಾನು ಬಲ್ಲೆ. ಅದನ್ನು ಕೊಡಕ್ಕೆ ಕೊಡ ಸುರಿದು ನನ್ನನ್ನು ಶುದ್ಧ ಮಾಡಿದರು.

ಜೋಯಿಸರು ಮಣೆಯ ಮೇಲೆ ಕೂತಿದ್ದರು. ಬೆಳ್ಳಿ ಬಟ್ಟಲಿನಲ್ಲಿ ಐದನ್ನೂ ಬೆರೆಸಿ ದರ್ಭೆಯಿಂದ ಕಲಕುತ್ತಿದ್ದರು. ದೇವರಾಜು ಟ್ರಂಕು ಹೊತ್ತು ತಂದು ಸಣ್ಣ ಬಾಗಿಲ ಬಳಿ ನಿಂತಿದ್ದ. ಹಿತ್ತಲಿನಿಂದ ಅಡುಗೆಮನೆಗೆ ಹತ್ತು ಹೆಜ್ಜೆ, ಅಡುಗೆಮನೆಯಿಂದ ಅಮ್ಮನ ಕೋಣೆಗೆ ಇನ್ನು ಹದಿನೈದು.

ಸಂಕಲ್ಪದಲ್ಲಿ ಸಮುದ್ರಯಾನ ಬಂತು. ಬೇರೆ ದೇಶದಲ್ಲಿ ವಾಸ ಮಾಡಿದ್ದು ಬಂತು. ತಿಳಿದೋ ತಿಳಿಯದೆಯೋ ತಿಂದದ್ದು, ಕುಡಿದದ್ದು ಎಂದು ಒಂದೇ ಉಸಿರಿಗೆ ಬಂತು. ಅಲ್ಲಿ ನಾನು ಏನು ತಿಂದೆ ಎಂದು ಅವರು ಕೇಳಲೇ ಇಲ್ಲ. ಚಳಿಗಾಲದ ಎಷ್ಟೋ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಿಕ್ಕಿದ್ದನ್ನು ಕಣ್ಣುಮುಚ್ಚಿ ತಿಂದಿದ್ದೆ. ಹೇಳಲು ಬಾಯಿ ತೆರೆದೆ.

"ಅದೆಲ್ಲ ಬಿಡಿ. ದೂರದ ದೇಶದ್ದು, ಒಟ್ಟಿಗೆ ಹೋಗುತ್ತೆ," ಎಂದರು ಜೋಯಿಸರು. ಆಮೇಲೆ ಕಲಕುವುದನ್ನು ನಿಲ್ಲಿಸಿದರು. "ಮೂರು ದಿನದಿಂದ ಹಿನಕಲ್ಲಿನಲ್ಲಿ ಇದ್ದಿರಂತೆ. ಊಟ ಎಲ್ಲಿ?"

ಅಣ್ಣ ನನ್ನನ್ನೇ ನೋಡಿದ.

"ಯಾಕೆ ಕೇಳಿದೆ ಅಂದ್ರೆ, ಅವರ ಮನೇಲಿ ಉಂಡಿದ್ದರೆ ಅದು ಇದರಲ್ಲಿ ಸೇರೋದಿಲ್ಲ. ಊರಲ್ಲೇ, ಬುದ್ಧಿಪೂರ್ವಕ ಮಾಡಿದ್ದು. ಅದಕ್ಕೆ ಬೇರೆ ಆಗಬೇಕು. ಇವತ್ತು ನಿಲ್ಲಿಸಿ ಮುಂದಿನ ದ್ವಾದಶಿಗೆ ಇಟ್ಕೋಬೇಕಾಗುತ್ತೆ."

ಇಡೀ ಇಂಗ್ಲೆಂಡಿಗೆ ಒಂದು ಮಂತ್ರ ಸಾಕು, ದೇವಿರಮ್ಮನ ಸೊಪ್ಪಿನ ಸಾರಿಗೆ ಸಾಲದು. ಆಗ ಬಂತು ನೋಡಿ ವಾಕರಿಕೆ. ಬಟ್ಟಲಿನ ವಾಸನೆಯಿಂದಲ್ಲ. ಆ ಬಿಳಿ ಪಂಚೆ, ಆ ತೀಡಿದ ಗಂಧ, ಏನೋ ಸಣ್ಣ ಲೆಕ್ಕ ಕೇಳುವವರ ಹಾಗೆ ಅವರು ಕೇಳಿದ ಆ ಧಾಟಿಯಿಂದ. ಮುಂದಿನ ದ್ವಾದಶಿ ಎಂದರೆ ಹದಿನೈದು ದಿನ. ಅಮ್ಮ ಇರುತ್ತಾಳೋ ಇಲ್ಲವೋ. ಎದ್ದು ನಿಂತು, ‘ಉಂಡಿದ್ದೇನೆ, ಆರು ಸಲ ಉಂಡಿದ್ದೇನೆ, ನೀವು ಏನು ಬೇಕಾದರೂ ಮಾಡಿಕೊಳ್ಳಿ’ ಎಂದು ಹೇಳಿ ಆ ಇಪ್ಪತ್ತೈದು ಹೆಜ್ಜೆ ನಡೆದುಬಿಟ್ಟಿದ್ದರೆ ಯಾರು ಹಿಡಿಯುತ್ತಿದ್ದರು? ಅಣ್ಣ ನನ್ನನ್ನು ಮುಟ್ಟುವ ಹಾಗೆಯೇ ಇರಲಿಲ್ಲ!

"ನಾನೇ ಬೇಯಿಸ್ಕೊಂಡೆ," ಎಂದೆ.

ಜೋಯಿಸರು ದೇವರಾಜುವಿನ ಕಡೆ ತಿರುಗಿದರು. "ಹೌದೇನಪ್ಪಾ?"

ದೇವರಾಜು ನನ್ನ ಬೋಳು ತಲೆಯನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಕಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಕಾಣಲಿಲ್ಲ. "ಊ ಸ್ವಾಮಿ. ಅವ್ರೇ ಬೇಯಿಸ್ಕೊಂಡ್ರು. ನಮ್ಮವ್ವ ಒಲೆ ತಾವ್ಕೂ ಓಗ್ಲಿಲ್ಲ," ಎಂದ. ಟ್ರಂಕನ್ನು ನಿಧಾನವಾಗಿ ಇಳಿಸಿದ. ಖಾಲಿ ಚೊಂಬು ತಂಬಿಗೆಗಳನ್ನು ಎತ್ತಿಕೊಂಡು ಹೊರಟುಹೋದ.

ಬಟ್ಟಲು ನನ್ನ ಕೈಗೆ ಬಂತು. ಗಟಗಟನೆ ಕುಡಿದೆ. ನಾಲಿಗೆಗೆ ಏನೂ ಗೊತ್ತಾಗಲಿಲ್ಲ. ಅದರಲ್ಲಿ ಅಸಹ್ಯಪಡುವಂಥದ್ದು ಏನೂ ಇರಲಿಲ್ಲ, ಅಸಹ್ಯವೆಲ್ಲ ಅದನ್ನು ಕುಡಿದವನಲ್ಲಿತ್ತು.

ಹೊಸ ಜನಿವಾರ, ಮಡಿಪಂಚೆ, ದೇವರಿಗೆ ನಮಸ್ಕಾರ ಎಲ್ಲ ಮುಗಿಸಿ ಅಮ್ಮನ ಕೋಣೆಗೆ ಬಂದೆ. ಅಮ್ಮ ಇದ್ದಳು. ಅರ್ಧ ಮುಖ ಜೋತುಬಿದ್ದಿತ್ತು, ಆದರೆ ಕಣ್ಣು ಅವಳದೇ. ಗುರುತು ಹಿಡಿದಳು. ಎಡಗೈ ಎತ್ತಿ ನನ್ನ ತಲೆ ಸವರಿದಳು. ಬಹಳ ಹೊತ್ತು ಇಬ್ಬರೂ ಅತ್ತೆವು.

"ಮೂರು ದಿನದಿಂದ... ಊರಲ್ಲೇ ಇದ್ಯಂತೆ," ಎಂದಳು, ಒಂದೊಂದೇ ಮಾತು ಕೂಡಿಸಿಕೊಂಡು. "ಊಟ?"

"ಆಯ್ತಮ್ಮ. ಚೆನ್ನಾಗಿ ಆಯ್ತು."

"ಯಾರು ಹಾಕಿದ್ರು? ಹೆಸರು ಹೇಳು. ಆ ತಾಯಿ... ಮಕ್ಕಳು ಮರಿ... ತಣ್ಣಗಿರಲಿ ಅಂತ ದೇವರನ್ನ ಕೇಳ್ಕೋತೀನಿ."

ಅಣ್ಣ ಬಾಗಿಲಲ್ಲಿ ನಿಂತಿದ್ದ. ಜೋಯಿಸರು ನಡುಮನೆಯಲ್ಲಿ ಎಲೆಯ ಮುಂದೆ ಕೂತಿದ್ದರು. ಹಿತ್ತಲಿನ ಸುಳ್ಳಿಗೆ ನನ್ನ ಹತ್ತಿರ ಒಂದು ಕಾರಣವಾದರೂ ಇತ್ತು, ಅಮ್ಮನನ್ನು ನೋಡಬೇಕಾಗಿತ್ತು. ಈಗ ನೋಡಿಯಾಗಿತ್ತು. ಅಮ್ಮನ ಕಿವಿಯ ಬಳಿ ಬಗ್ಗಿ ಒಂದು ಹೆಸರು ಹೇಳಿದ್ದರೆ ಸಾಕಾಗಿತ್ತು.

"ಯಾರೂ ಇಲ್ಲಮ್ಮ," ಎಂದೆ. "ನಾನೇ ಬೇಯಿಸ್ಕೊಂಡೆ."

ಅಮ್ಮನ ಮುಖ ಸಣ್ಣದಾಯಿತು. ಮತ್ತೆ ಅಳತೊಡಗಿದಳು, ಈ ಸಲ ಬೇರೆ ಥರ. ಆಮೇಲೆ ನೋಡಲು ಬಂದವರಿಗೆಲ್ಲ ಅವಳು ತೊದಲುತ್ತ ಅದೊಂದನ್ನೇ ಹೇಳಿಕೊಂಡಳು. ಸಮುದ್ರದಾಚೆಯಿಂದ ಬಂದ ನನ್ನ ಮಗನಿಗೆ ಸ್ವಂತ ಊರಲ್ಲಿ ಯಾರೂ ಒಂದು ತುತ್ತು ಹಾಕಲಿಲ್ಲ ಎಂದು. ನೆಂಟರು ಅಯ್ಯೋ ಪಾಪ ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ.

ನಾನು ಮನೆ ಸೇರಿದ ಆರನೆಯ ದಿನ ಮಧ್ಯಾಹ್ನ ದೇವಿರಮ್ಮ ಬಂದಳು, ಅಷ್ಟು ದೂರ ನಡೆದುಕೊಂಡು. ಒಳಗೆ ಬರಲಿಲ್ಲ. ಬೀದಿಯ ಕಡೆಯ ಕಿಟಕಿಯ ಹೊರಗೆ ನಿಂತು ಸರಳು ಹಿಡಿದುಕೊಂಡು, "ಎಂಗಿದ್ದೀರವ್ವ? ನಾನು ದೇವರಾಜನ ತಾಯಿ," ಎಂದಳು. ಅಮ್ಮ ತಲೆ ತಿರುಗಿಸಿ ಅವಳನ್ನು ನೋಡಿದಳು. ಯಾರ ತಾಯಿ ಎಂಬುದು ಅವಳಿಗೆ ತಿಳಿಯಿತೋ ಇಲ್ಲವೋ, ಹೆಂಗಸು ಎಂಬಷ್ಟು ತಿಳಿಯಿತು.

"ನನ್ನ ಮಗನಿಗೆ... ಮೂರು ದಿನ... ಯಾರೂ ಒಂದು ತುತ್ತು ಹಾಕಲಿಲ್ಲ ಕಣಮ್ಮ," ಎಂದು ಅಮ್ಮ ಅತ್ತಳು.

ದೇವಿರಮ್ಮ ಸರಳುಗಳ ಆಚೆಯಿಂದ ನನ್ನನ್ನು ನೋಡಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಣ್ಣ ಅರಮನೆಗೆ ಹೋಗಿದ್ದ, ಅತ್ತಿಗೆ ಹಿತ್ತಲಲ್ಲಿದ್ದರು. ಅವಳು ಕಾದಳು. ನಾನು ಅಮ್ಮನ ಹೊದಿಕೆ ಸರಿಮಾಡಿದೆ.

"ಅಳಬ್ಯಾಡಿ ಕಣವ್ವ," ಎಂದಳು ದೇವಿರಮ್ಮ. "ನಮ್ಮನೇಗೆ ಬಂದಿದ್ರೆ ನಾನಾದ್ರೂ ಆಕ್ತಿದ್ದೆ."